ಅದು ಧ್ಯಾನವಲ್ಲ, ನಿದ್ದೆ

ನಮ್ಮ ಮನೆಯಲ್ಲಿ ನನಗೆ ಎರಡು ಹೆಸರಿದ್ದವು. ಬೆಳಿಗ್ಗೆ ಶರಣಿ, ರಾತ್ರಿ ಗಿರಣಿ. ಮೊದಲನೆಯದು ಅತ್ತೆ ಇಟ್ಟದ್ದು, ಎರಡನೆಯದು ಗಂಡ ಇಟ್ಟದ್ದು. ಎರಡೂ ಒಂದೇ ಕಾಯಿಲೆಯ ಹೆಸರು ಎಂದು ಗೊತ್ತಾಗುವ ಹೊತ್ತಿಗೆ ನನ್ನ ಮಗಳು ಮೂರನೇ ಕ್ಲಾಸಿಗೆ ಬಂದಿದ್ದಳು. ಇದನ್ನು ಬರೆಯುತ್ತಿರುವುದು ಯಾರನ್ನೂ ಕ್ಷಮಿಸಲಿಕ್ಕಲ್ಲ. ರಾತ್ರಿಯಿಡೀ ಮಲಗಿ, ಬೆಳಿಗ್ಗೆ ಏಟು ತಿಂದವರ ಹಾಗೆ ಏಳುವ ಹೆಂಗಸರು ಇನ್ನೂ ಎಷ್ಟು ಮನೆಗಳಲ್ಲಿ ಸೋಮಾರಿ ಅನ್ನಿಸಿಕೊಳ್ಳುತ್ತಿದ್ದಾರೋ, ಅವರಲ್ಲಿ ಒಬ್ಬಳಾದರೂ ಓದಲಿ ಎಂದು ಬರೆಯುತ್ತಿದ್ದೇನೆ.

ನಾನು ಗಡಿಯಾಚೆಯ ತೆಲುಗು ಸೀಮೆಯಲ್ಲಿ ನಾರಾಯಣಖೇಡದ ಕಡೆಯವಳು, ತವರು ಕಲ್ಹೇರ್. ಕೊಟ್ಟದ್ದು ಜಹೀರಾಬಾದಿಗೆ, ಶುಂಠಿ ಮತ್ತು ಆಲೂಗಡ್ಡೆ ವ್ಯಾಪಾರದ ಮನೆಗೆ. ಕೊಹೀರಿನ ಒಂದು ಶಾಲೆಯಲ್ಲಿ ಲೆಕ್ಕ ಕಲಿಸುತ್ತೇನೆ. ಹೆಣ್ಣು ನೋಡಲು ಬಂದಾಗ ಅತ್ತೆ ನನ್ನ ಗದ್ದ ಹಿಡಿದು ಎಲ್ಲರಿಗೂ ತೋರಿಸಿ, "ಬಾಯಿ ನೋಡ್ರಿ ಎಷ್ಟ್ ಸಣ್ಣದು ಅದಾ. ಇಂಥಾಕಿ ಜಾಸ್ತಿ ಮಾತಾಡಂಗಿಲ್ಲ," ಎಂದಿದ್ದರು. ಒಳಕ್ಕೆ ಸರಿದ ಆ ಸಣ್ಣ ದವಡೆಯೇ ನಿದ್ದೆಯಲ್ಲಿ ನನ್ನ ಕುತ್ತಿಗೆ ಹಿಸುಕುತ್ತಿದೆ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ. ಮಾತಿನ ವಿಷಯದಲ್ಲಿ ಅತ್ತೆಯ ಲೆಕ್ಕ ಎಷ್ಟು ತಪ್ಪಾಯಿತು ಎಂಬುದು ಈಗ ಅವರಿಗೇ ಚೆನ್ನಾಗಿ ಗೊತ್ತು.

ಮೊದಲು ಗಿರಣಿಯ ಕಥೆ ಹೇಳಿಬಿಡುತ್ತೇನೆ. ಗಂಡಸು ಗೊರಕೆ ಹೊಡೆದರೆ ಪಾಪ, ದುಡಿದು ದಣಿದಿದ್ದಾನೆ ಅನ್ನುತ್ತಾರೆ. ಹೆಂಗಸು ಹೊಡೆದರೆ ಮನೆತನದ ಮಾನ ಹೋಗುತ್ತದೆ. ನನ್ನ ಗಂಡ ನನ್ನ ಗೊರಕೆಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಮನೆಯವರ ಗ್ರೂಪಿಗೆ ಹಾಕಿದರು. ಮೈದುನಂದಿರು, ನಾದಿನಿಯರು, ಕಣ್ಣಲ್ಲಿ ನೀರು ಬರುವಂತೆ ನಗುವ ಮುಖಗಳನ್ನು ಸಾಲು ಸಾಲಾಗಿ ಕಳಿಸಿದರು. ಮಾರನೇ ದಿನ ಅಡುಗೆಮನೆಗೆ ಬಂದು ನೀರು ಕುಡಿಯುತ್ತ ನಮ್ಮ ಯಜಮಾನರು, "ನಡುವ ನಡುವ ಗಿರಣಿ ಬಂದ್ ಬೀಳ್ತದ ನೋಡು, ಆಗ ಜರಾ ಆರಾಮ್ ಅನಸ್ತದ," ಎಂದರು.

ಆ ಮಾತನ್ನು ನಾನು ಇವತ್ತಿಗೂ ಮರೆತಿಲ್ಲ. ಗಿರಣಿ ಬಂದ್ ಬೀಳುತ್ತಿದ್ದ ಆ ಹೊತ್ತಿನಲ್ಲಿ ನನ್ನ ಉಸಿರು ನಿಂತಿರುತ್ತಿತ್ತು. ಪಕ್ಕದಲ್ಲಿ ಮಲಗಿದವನಿಗೆ ಅದು ಆರಾಮ. ಸ್ವಲ್ಪ ದಿನಕ್ಕೆ ಅವರು ದಿಂಬು ತೆಗೆದುಕೊಂಡು ಹಾಲಿಗೆ ಹೋಗಿಬಿಟ್ಟರು.

ಇನ್ನು ಶರಣಿಯ ಕಥೆ. ನಮ್ಮ ಮನೆಗಳಲ್ಲಿ ಬೆಳಿಗ್ಗೆ ಸ್ನಾನವಾದ ಮೇಲೆ ವಿಭೂತಿ ಹಚ್ಚಿಕೊಂಡು, ಕೊರಳಿನ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು, ಅದನ್ನೇ ನೋಡುತ್ತ ಕೂಡುವುದು ಪದ್ಧತಿ. ಹೆಚ್ಚಿನವರು ಹತ್ತು ನಿಮಿಷದಲ್ಲಿ ಮುಗಿಸಿ ಏಳುತ್ತಾರೆ. ನಾನು ಏಳುತ್ತಿರಲಿಲ್ಲ. ಮೊಣಕೈ ಪಕ್ಕೆಗೆ ಆತುಕೊಂಡು, ಅಂಗೈ ಎದೆಯ ಮುಂದೆ ನಿಂತು, ಕಣ್ಣು ಅರ್ಧ ತೆರೆದು, ನಾನು ಅಲುಗಾಡದೆ ಕೂತಿರುತ್ತಿದ್ದೆ. ಅರೆಗಣ್ಣು ತೆರೆದೇ ನಿದ್ದೆ ಮಾಡುವುದು ನನಗೆ ಚಿಕ್ಕಂದಿನ ಅಭ್ಯಾಸ. ಕೂತ ಎರಡು ನಿಮಿಷಕ್ಕೆ ನನಗೆ ನಿದ್ದೆ ಹತ್ತುತ್ತಿತ್ತು ಅಷ್ಟೇ. ರಾತ್ರಿ ಸಿಗದದ್ದು ಬೆಳಿಗ್ಗೆ ಸಿಕ್ಕಲ್ಲೇ ವಸೂಲಾಗುತ್ತಿತ್ತು.

ಅತ್ತೆ ಅದನ್ನು ಹಾಗೆ ನೋಡಲಿಲ್ಲ. ಸೋಮವಾರ ಬಂದರೆ ಓಣಿಯ ಹೆಂಗಸರನ್ನು ಕರೆದು ಬಾಗಿಲಲ್ಲಿ ನಿಲ್ಲಿಸಿ, ಪಿಸುಮಾತಿನಲ್ಲಿ ತೋರಿಸುತ್ತಿದ್ದರಂತೆ. "ರೆಪ್ಪಿ ಬಡ್ಯಂಗಿಲ್ಲ ನೋಡ್ರಿ. ಶಿವನ ಕೂಡ ಮಾತಾಡ್ಲತ್ತಾಳ. ನಮ್ಮ ಮನ್ಯಾಗ ಶರಣಿ ಬಂದಾಳ." ನಾನು ಕಣ್ಣು ಬಿಟ್ಟಾಗ ಯಾರೋ ನನ್ನ ಕಾಲಿಗೆ ಕೈ ಹಚ್ಚುತ್ತಿರುತ್ತಿದ್ದರು. ಎಲ್ಲರೂ ಅಷ್ಟು ಹೇಳಿದ ಮೇಲೆ ನನಗೇನು ಗೊತ್ತು? ಬಾಯಿ ಒಣಗಿ, ತಲೆ ಸಿಡಿಯುತ್ತಾ ಎದ್ದ ಮೇಲೆ, ಇದೇ ಇರಬೇಕು ಧ್ಯಾನ ಎಂದುಕೊಳ್ಳುತ್ತಿದ್ದೆ.

ಬಸ್ಸಿನಲ್ಲೂ ಅದೇ ಧ್ಯಾನ. ಜಹೀರಾಬಾದಿನಲ್ಲಿ ಹತ್ತಿದರೆ ಕೊಹೀರ್ ಬಂದದ್ದು ಗೊತ್ತಾಗುತ್ತಿರಲಿಲ್ಲ. ಕೊಹೀರ್ ದಾಟಿ ಹೋಗಿ, ಇನ್ನೊಂದು ಬಸ್ಸಿನಲ್ಲಿ ವಾಪಸು ಬಂದು, ಹೆಡ್ಮಾಸ್ಟರ ಮುಂದೆ ತಲೆ ತಗ್ಗಿಸಿದ್ದು ಎಷ್ಟು ಸಲವೋ. ಕಡೆಗೆ ಕಂಡಕ್ಟರೇ ನನ್ನ ಮೇಲೆ ಕರುಣೆ ತೋರಿ, ಊರು ಹತ್ತಿರವಾದಾಗ ನನ್ನ ಸೀಟಿನ ಕಂಬಿಗೆ ಟಿಕೆಟ್ ಮಷೀನಿನಿಂದ ಕಟಕಟ ಬಡಿದು, "ಮೇಡಂ, ಕೊಹೀರ್ ವಚ್ಚಿಂದಿ, ದಿಗಂಡಿ," ಎಂದು ತೆಲುಗಿನಲ್ಲಿ ಇಳಿಸುತ್ತಿದ್ದ. ಆ ವರ್ಷಗಳಲ್ಲಿ ನನ್ನ ನಿದ್ದೆಯನ್ನು ನಿದ್ದೆ ಎಂದು ತಿಳಿದವನು ಅವನೊಬ್ಬನೇ.

ಆಮೇಲೆ ಒಂದು ಬೆಳಿಗ್ಗೆ ಲಿಂಗ ನನ್ನ ಕೈಯಿಂದ ಬಿತ್ತು. ಕಲ್ಲಿನ ನೆಲದ ಮೇಲೆ ಬಿದ್ದ ಸದ್ದಿಗೆ ನಾನೇ ಎಚ್ಚರಾದೆ. ನಮ್ಮವರಲ್ಲಿ ಅದು ಸಣ್ಣ ಮಾತಲ್ಲ. ಅಂಗದಿಂದ ಲಿಂಗ ಬೀಳಬಾರದು ಎಂದು ಕೇಳಿಕೊಂಡೇ ಬೆಳೆದವರು ನಾವು. ಅತ್ತೆ ಓಡಿಬಂದು ಮೊದಲು ಬಾಗಿಲು ಹಾಕಿದರು, ಆಮೇಲೆ ನನ್ನ ಕಡೆ ನೋಡಿದರು.

"ಯಾರ ಮುಂದೂ ಅನಬ್ಯಾಡ. ಯಾರ್ದೋ ಕೆಟ್ಟ ಕಣ್ಣ ಹತ್ತ್ಯಾದ ನಿನಗ," ಎಂದರು.

"ಅತ್ತಿ, ನನಗ ನಿದ್ದಿ ಹತ್ತಿತ್ರಿ."

"ಬಾಯಿ ಮುಚ್ಚು. ಪೂಜಿ ಮಾಡಾಗ ಯಾರಿಗರೆ ನಿದ್ದಿ ಬರ್ತದೇನು?"

ನಮ್ಮ ಮನೆತನದ ಗುರುಗಳಾದ ಅಯ್ಯನವರು ಬಂದರು. ನೀರು ಹಾಕಿ, ಮಂತ್ರ ಹೇಳಿ, ಲಿಂಗವನ್ನು ಮತ್ತೆ ಕಟ್ಟಿ, ಊಟ ಮಾಡಿ ಹೋದರು. ಅವರು ಬೇರೇನೂ ಹೇಳಲಿಲ್ಲ. ಹೇಳಿದ್ದೆಲ್ಲ ಅತ್ತೆಯೇ. ಬಿದ್ದ ದೋಷಕ್ಕೆ ಇನ್ನು ಮುಂದೆ ಸಂಜೆಯೂ ಕೂಡಬೇಕು, ಇನ್ನೂ ಹೆಚ್ಚು ಹೊತ್ತು ಕೂಡಬೇಕು. ನಿದ್ದೆಗೆಟ್ಟವಳಿಗೆ ನಮ್ಮ ಮನೆ ಕಂಡುಹಿಡಿದ ಔಷಧ ಅದು. ಬಿದ್ದದ್ದು ಯಾಕೆ ಎಂದು ಯಾರೂ ಕೇಳಲಿಲ್ಲ, ಯಾರಿಗೂ ಬೇಕಾಗಿಯೂ ಇರಲಿಲ್ಲ.

ನನ್ನನ್ನು ದವಾಖಾನೆಗೆ ಕಳಿಸಿದ್ದು ಕಡೆಗೆ ಒಂದು ದವಡೆ ಹಲ್ಲು. ನಿದ್ದೆಯಲ್ಲಿ ಹಲ್ಲು ಕಡಿದು ಕಡಿದು ಅದು ಸೀಳಿತ್ತು. ಹಬ್ಬಕ್ಕೆಂದು ತಾಂಡೂರಿನ ನನ್ನ ಅಕ್ಕನ ಮನೆಗೆ ಹೋದಾಗ, ನಾನು ನೋವು ತಡೆಯಲಾರದೆ ಒದ್ದಾಡುವುದು ನೋಡಿ ಅಕ್ಕ ತನಗೆ ಗೊತ್ತಿದ್ದ ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಹೊರಗಿನ ಬೆಂಚಿನ ಮೇಲೆ, ನೆಲಕ್ಕೆ ಹಾಸುವ ನಾಪರಾಣಿ ಕಲ್ಲಿನ ಪಾಲಿಶ್ ಕೆಲಸದವರು ಹುಬ್ಬಿನವರೆಗೂ ಬೂದಿ ಬಣ್ಣದ ಧೂಳು ಮೆತ್ತಿಕೊಂಡು ಕೂತಿದ್ದರು. ಸದ್ದು ಬಂದ್ ಮಾಡಿದ ಟೀವಿಯಲ್ಲಿ ಯಾವುದೋ ತೆಲುಗು ಸೀರಿಯಲ್ಲಿನ ಸೊಸೆ ಅಳುತ್ತಿದ್ದಳು. ಒಳಗಿನಿಂದ ಡ್ರಿಲ್ಲಿನ ಸದ್ದು ಬಂದಾಗಲೆಲ್ಲ ಬೆಂಚಿನವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು.

ನನ್ನ ಸರದಿ ಬಂತು. ಕುರ್ಚಿ ಹಿಂದಕ್ಕೆ ಮಲಗಿತು, ಚುಚ್ಚಿದರು, ದವಡೆ ಮರಗಟ್ಟಿತು. ಅಲ್ಲಿಂದ ಮುಂದೆ ನನಗೆ ನೆನಪಿಲ್ಲ. ಎಚ್ಚರವಾದಾಗ ಡಾಕ್ಟರು ಡ್ರಿಲ್ಲನ್ನು ಕೈಯಲ್ಲಿ ಎತ್ತಿ ಹಿಡಿದುಕೊಂಡು ಸಿಟ್ಟಿನಿಂದ ನನ್ನನ್ನೇ ನೋಡುತ್ತಿದ್ದರು.

"ಇದೇನ್ ನಿಮ್ಮ ಮನಿ ಮಂಚ ಅಂತ ತಿಳ್ಕೊಂಡೀರೇನು? ಇಲ್ಲಿ ಕುಂತವ್ರು ಅಂಜ್ತಾರ, ಚೀರ್ತಾರ, ನನ್ನ ಕೈ ಕಚ್ತಾರ. ಡ್ರಿಲ್ ನಡದಾಗ ಗೊರಕಿ ಹೊಡದವ್ರು ನೀವೇ ಮೊದಲು."

ನಾನು ಮರಗಟ್ಟಿದ ಬಾಯಿಯಲ್ಲೇ ಕ್ಷಮೆ ಕೇಳಲು ಹೋದೆ. ಅವರು ಕೈ ಅಡ್ಡ ಮಾಡಿ, ನಾಲಿಗೆ ಚಾಚಿಸಿ, ಅದರ ಅಂಚಿನಲ್ಲಿ ಮೂಡಿದ್ದ ಹಲ್ಲಿನ ಗುರುತು ನೋಡಿದರು. ಸವೆದ ಹಲ್ಲು ನೋಡಿದರು. ಮುಖ ಪಕ್ಕಕ್ಕೆ ತಿರುಗಿಸಿ ಗದ್ದ ನೋಡಿದರು. ಸಿಟ್ಟು ಎಲ್ಲಿಗೋ ಹೋಯಿತು. "ಬೆಳಿಗ್ಗಿ ಎದ್ದಾಗ ತಲಿ ನೋವು ಅದಾ? ಮಧ್ಯಾಹ್ನ ಕುಂತಲ್ಲೇ ನಿದ್ದಿ?" ಎಂದು ಕೇಳಿ, ಅಕ್ಕನ ಕಡೆ ತಿರುಗಿ, "ಮಲಗಿದಾಗ ನಡುವ ಉಸಿರು ನಿಲ್ತದೇನು ಇವರ್ದು?" ಎಂದರು.

ಅಕ್ಕ ಸೆರಗು ಬಾಯಿಗೆ ಇಟ್ಟುಕೊಂಡಳು. "ಹೌದ್ರಿ. ಸಣ್ಣಾಕಿ ಇದ್ದಾಗಿಂದ. ಒಂದೇ ಹಾಸಿಗಿ ಮ್ಯಾಲ ಮಲಗ್ತಿದ್ದೆವ್ರಿ. ಉಸಿರು ನಿಂತ್ರ ನಾ ಅಲಗಾಡ್ಸಿ ಎಬ್ಬಸ್ತಿದ್ದೆ. ಲಗ್ನ ಆದ ಮ್ಯಾಲ ಯಾರ್ ಎಬ್ಬಸ್ತಾರೋ ಏನೋ ಅಂತ ನನಗ ಅದೇ ಚಿಂತಿ ಇತ್ತು."

ಯಾರೂ ಎಬ್ಬಿಸುತ್ತಿರಲಿಲ್ಲ ಅಕ್ಕಾ. ದಿಂಬು ತೆಗೆದುಕೊಂಡು ಹಾಲಿಗೆ ಹೋಗುತ್ತಿದ್ದರು. ಆ ಕುರ್ಚಿಯಲ್ಲಿ ಕೂತು ನಾನು ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ಡಾಕ್ಟರು ಹತ್ತಿಯ ಉಂಡೆಗಳಿದ್ದ ಡಬ್ಬಿಯನ್ನೇ ಮುಂದಕ್ಕೆ ಸರಿಸಿದರು, ಅದರಲ್ಲೇ ಮೂಗು ಒರೆಸಿಕೊಂಡೆ.

"ಇದು ಬರೇ ಹಲ್ಲಿಂದಲ್ಲ. ಮಲಗಿದ್ರ ನಿಮ್ಮ ಕೆಳಗಿನ ದವಡಿ ಹಿಂದ ಸರ್ದು ನಾಲಗಿ ಗಂಟಲಾ ಮುಚ್ಚಲತ್ತದ. ನಿದ್ದಿ ಪರೀಕ್ಷೆ ಆಗಬೇಕು. ಹಿಂಗೇ ಬಿಟ್ರ ಹೃದಯಕ್ಕ ಪೆಟ್ಟು," ಎಂದರು ಡಾಕ್ಟರು.

ಸಂಜೆ ಫೋನಿನಲ್ಲಿ ಹೇಳಿದರೆ ನಮ್ಮ ಯಜಮಾನರು ನಕ್ಕರು. "ಗೊರಕಿಗಿ ಟೆಸ್ಟಾ?" ಹಿಂದಿನಿಂದ ಅತ್ತೆಯ ದನಿ ಕೇಳಿಸಿತು: "ಹಲ್ಲಿನ ಡಾಕ್ಟರ್ ಹಲ್ಲು ನೋಡ್ಬೇಕು. ನಮ್ಮ ಸೊಸಿ ನಿದ್ದಿ ತಗೊಂಡು ಅವನೇನ್ ಮಾಡ್ತಾನ?" ಇವರ ಒಪ್ಪಿಗೆಗೆ ಕಾದರೆ ನನ್ನ ಹೆಣಕ್ಕೂ ಶರಣಿ ಎಂದು ಹೂವು ಹಾಕುತ್ತಾರೆ ಎಂದು ಅವತ್ತೇ ಗೊತ್ತಾಯಿತು. ಅಕ್ಕನ ಮನೆಯಲ್ಲೇ ಉಳಿದು, ಮೂಗಿಗೆ ನಳಿಗೆ, ಬೆರಳಿಗೆ ಚಿಮಟ ಹಾಕಿಕೊಂಡು ಪರೀಕ್ಷೆ ಮಾಡಿಸಿದೆ.

ಅದರ ಫಲಿತಾಂಶ ಹಿಡಿದು ಹೈದರಾಬಾದಿನಲ್ಲಿ ಶ್ವಾಸಕೋಶದ ಡಾಕ್ಟರ ಬಾಗಿಲಲ್ಲಿ ನಾನೂ ಅಕ್ಕನೂ ಕೂತೆವು. ಅಲ್ಲಿದ್ದ ರೋಗಿಗಳೆಲ್ಲ ದಪ್ಪ ಕುತ್ತಿಗೆಯ ಗಂಡಸರು. ಒಬ್ಬೊಬ್ಬರನ್ನೂ ಅವರವರ ಹೆಂಡತಿಯರೇ ಎಳೆದುಕೊಂಡು ಬಂದಿದ್ದರು. ಆ ಹೆಂಡತಿಯರಿಗೆ ಗಂಡನ ಉಸಿರು ನಿಂತದ್ದು ಗೊತ್ತಾಗಿತ್ತು, ಹೆದರಿಕೆಯಾಗಿತ್ತು, ಕರೆದುಕೊಂಡು ಬಂದಿದ್ದರು. ನನ್ನ ಹೆಸರು ಕೂಗಿದ ಹುಡುಗಿ ನಮ್ಮಿಬ್ಬರನ್ನೂ ನೋಡಿ, "ಪೇಷೆಂಟ್ ಎಲ್ಲಿ?" ಎಂದು ಕೇಳಿದಳು. ನಾನೇ ಎಂದರೆ ನಂಬದೆ ಇನ್ನೊಮ್ಮೆ ಕಾಗದ ನೋಡಿದಳು. ಗೊರಕೆ ಹೊಡೆಯುವ ಹಕ್ಕೂ ಗಂಡಸರದೇ ಎಂದು ಅವತ್ತು ನಗು ಬಂತು, ಅದರ ಹಿಂದೆಯೇ ಹೊಟ್ಟೆ ಉರಿಯಿತು.

ಆ ಡಾಕ್ಟರು ಇಟ್ಟ ಎರಡು ದಾರಿಗಳಲ್ಲಿ ಒಂದು, ಮುಖಕ್ಕೆ ಕಟ್ಟಿಕೊಂಡು ಮಲಗುವ ಗಾಳಿಯ ಯಂತ್ರ. ಇನ್ನೊಂದು, ಮಲಗುವಾಗ ಹಲ್ಲುಗಳಿಗೆ ಹಾಕಿಕೊಳ್ಳುವ ಅಚ್ಚು, ಅದು ಕೆಳದವಡೆಯನ್ನು ಮುಂದಕ್ಕೆ ಹಿಡಿದಿಡುತ್ತದೆ. ನನ್ನ ಸ್ಥಿತಿಗೆ ಅಚ್ಚನ್ನು ಹಾಕಿ ನೋಡಬಹುದು ಎಂದರು. ತಾಂಡೂರಿನ ಅದೇ ಸಿಡುಕು ಡಾಕ್ಟರು ಮಾಡಿಕೊಟ್ಟರು. ಅಳತೆ ತೆಗೆಯುವಾಗ ಬಾಯಿ ತುಂಬ ತಣ್ಣನೆಯ ಹಿಟ್ಟಿನಂಥದನ್ನು ಒತ್ತಿ, ವಾಂತಿ ಬಂದಂತಾದಾಗ, "ಮೂಗಿಲೆ ಉಸಿರಾಡ್ರಿ, ಮೂಗು ಇರೋದು ಮೂಗುತಿ ಹಾಕಲಿಕ್ಕಷ್ಟೇ ಅಲ್ಲ," ಎಂದು ಗದರಿದರು. ಮೊದಮೊದಲು ದವಡೆ ನೋಯುತ್ತಿತ್ತು, ದಿಂಬು ಜೊಲ್ಲಿನಲ್ಲಿ ನೆನೆಯುತ್ತಿತ್ತು, ಬೆಳಿಗ್ಗೆ ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ಪರಿಚಯವೇ ಇಲ್ಲದಂತೆ ಅವು ಕೂಡುತ್ತಿರಲಿಲ್ಲ. ಬಿಸಾಡಿಬಿಡಲೇ ಅನ್ನಿಸುತ್ತಿತ್ತು. ಅಚ್ಚಿನ ತಿರುಪನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ ಸರಿಮಾಡಲು ಮತ್ತೆ ಮತ್ತೆ ತಾಂಡೂರಿಗೆ ಹೋದೆ.

ಆಮೇಲೆ ಒಂದು ದಿನ ಕೊಹೀರಿನ ದಾರಿಯಲ್ಲಿ ಕಬ್ಬಿನ ಹೊಲಗಳನ್ನು ನೋಡಿದೆ. ಅಷ್ಟು ವರ್ಷ ಓಡಾಡಿದ ದಾರಿಯಲ್ಲಿ ಕಿಟಕಿಯ ಹೊರಗೆ ಏನಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ಕಂಬಿಗೆ ಬಡಿಯಲು ಬಂದ ಕಂಡಕ್ಟರು ನಾನು ಕಣ್ಣು ಬಿಟ್ಟು ಕೂತದ್ದು ನೋಡಿ ಅಲ್ಲೇ ನಿಂತುಬಿಟ್ಟ. "ಏಮಯಿಂದಿ ಮೇಡಂ?" ಎಂದ. ಏನೂ ಆಗಿಲ್ಲಪ್ಪಾ, ಎಚ್ಚರ ಆಗಿದೆ ಎಂದೆ.

ಮನೆಯಲ್ಲಿ ಮಾತ್ರ ಎಲ್ಲವೂ ಕೆಟ್ಟಿತು. ಎಚ್ಚರವಿದ್ದವಳು ಎಷ್ಟು ಹೊತ್ತು ಲಿಂಗ ನೋಡುತ್ತ ಕೂಡಬಲ್ಲಳು? ಹತ್ತು ನಿಮಿಷಕ್ಕೆ ನನ್ನ ಪೂಜೆ ಮುಗಿಯತೊಡಗಿತು. ಬಾಗಿಲಲ್ಲಿ ನಿಂತ ಹೆಂಗಸರಿಗೆ ನೋಡಲು ಏನೂ ಉಳಿಯಲಿಲ್ಲ. "ಆ ದವಾಖಾನಿಗಿ ಹೋಗಿ ಬಂದಾಗಿಂದ ಇಕಿ ಭಕ್ತಿ ಕಮ್ಮಿ ಆಗ್ಯಾದ," ಎಂದು ಅತ್ತೆ ಬಂದವರ ಮುಂದೆಲ್ಲ ಹೇಳಿದರು. ಓಣಿಯಲ್ಲಿ ಅವರಿಗೆ ಶರಣಿಯ ಅತ್ತೆ ಎಂಬ ಮರ್ಯಾದೆ ಇತ್ತು, ಅದು ಹೋಯಿತು. ನಾನು ಬದುಕಿ ಉಳಿದದ್ದರಲ್ಲಿ ಅವರಿಗೆ ಕಂಡದ್ದು ಅದೊಂದೇ ನಷ್ಟ.

ಅದನ್ನೂ ಸಹಿಸಿಕೊಂಡು ಇದ್ದುಬಿಡುತ್ತಿದ್ದೆ. ಆದರೆ ಶ್ರಾವಣ ಬಂತು, ಅತ್ತೆ ಹೊಸ ಶರಣಿಯನ್ನು ಹುಡುಕಿಕೊಂಡರು.

ನನ್ನ ಮಗಳ ಹೆಸರೂ ಶ್ರಾವಣಿಯೇ. ಅವಳಿಗೆ ಆಗಷ್ಟೇ ಲಿಂಗದೀಕ್ಷೆ ಆಗಿತ್ತು. ಒಂದು ಸೋಮವಾರ ನಾನು ಒಳಗೆ ಒಲೆಯ ಮುಂದಿದ್ದೆ. ಹೊರಗೆ ಹೆಂಗಸರ ಪಿಸುಪಿಸು ಕೇಳಿ ಬಂದು ನೋಡಿದರೆ, ಮಗು ಅಂಗೈಯಲ್ಲಿ ಲಿಂಗ ಹಿಡಿದು ಕೂತಿದ್ದಾಳೆ. ಬಾಯಿ ತೆರೆದಿದೆ, ಕಣ್ಣು ಅರ್ಧ ತೇಲಿದೆ, ಕಣ್ಣ ಕೆಳಗೆ ಕಪ್ಪು. ಅತ್ತೆ ಸೆರಗು ಹೊದ್ದು ಪಕ್ಕದಲ್ಲಿ ನಿಂತಿದ್ದಾರೆ.

"ಬಾಯಿ ನೋಡ್ರಿ, ಶಿವನಾಮ ಹೇಳ್ಲತ್ತದ ಕೂಸು. ತಾಯಿದು ಹೋದ್ರ ಹೋಗ್ಲಿ, ಮೊಮ್ಮಗಳು ಬಂದಾಳ," ಎಂದು ಹೇಳುತ್ತಿದ್ದರು. ಒಬ್ಬ ಹೆಂಗಸು ಬಾಗಿ ನನ್ನ ಮಗಳ ಕಾಲು ಮುಟ್ಟಿದಳು.

ನನ್ನ ಮೈಯಲ್ಲಿ ಬೆಂಕಿ ಬಿತ್ತು. ಆ ಮಗುವಿಗೆ ಮೂಗಿನಲ್ಲಿ ಉಸಿರಾಡಿ ಗೊತ್ತಿರಲಿಲ್ಲ. ಕ್ಲಾಸಿನಲ್ಲಿ ತೂಕಡಿಸುತ್ತಾಳೆ ಎಂದು ಅವಳ ಟೀಚರು ದೂರು ಹೇಳಿದ್ದರು. ನನ್ನದನ್ನೇ ಅರ್ಥ ಮಾಡಿಕೊಳ್ಳುವ ಗಡಿಬಿಡಿಯಲ್ಲಿದ್ದ ನಾನು, ಅವಳ ತೆರೆದ ಬಾಯನ್ನು ಅವತ್ತೇ ನೆಟ್ಟಗೆ ನೋಡಿದ್ದು. ಹೋಗಿ ಲಿಂಗವನ್ನು ಅವಳ ಅಂಗೈಯಿಂದ ಎತ್ತಿಕೊಂಡು, ಅವಳನ್ನು ಎದೆಗೆ ಒರಗಿಸಿಕೊಂಡೆ.

"ಇಕಿ ಶರಣಿ ಅಲ್ರಿ," ಎಂದೆ. "ಇಕಿಗಿ ಉಸಿರು ಸಿಗವಲ್ದು. ನನಗೂ ಸಿಗ್ತಿದ್ದಿಲ್ಲ. ನೀವು ಕಾಲು ಮುಟ್ಟಿ ಹೋದದ್ದು ನನ್ನ ಬೀಮಾರಿಗಿ. ಯಾರರೆ ನನ್ನ ಕೂಸಿನ ಕಾಲು ಮುಟ್ಟಿದ್ರ ನೋಡ್ರಿ ಮತ್ತ!"

"ಮಂದಿ ಮುಂದ ನನ್ನ ಮಾರಿಗಿ ಮಸಿ ಬಳದಿ," ಎಂದರು ಅತ್ತೆ.

"ಮಸಿ ಬಳದ್ರ ತೊಳದ್ರ ಹೋಗ್ತದ. ಉಸಿರು ಹೋದ್ರ ಬರ್ತದೇನ್ರಿ?"

ಅವತ್ತಿನಿಂದ ಅತ್ತೆ ನನ್ನ ಜೊತೆ ಮಾತು ಬಿಟ್ಟರು. ಯಜಮಾನರು ಬಂದು, ಓಣಿ ಮಂದಿ ಮುಂದ ಹಂಗ ಅನಬಾರದಿತ್ತು ಎಂದು ಶುರು ಮಾಡಿದರು. ನಾನು ವಾದ ಮಾಡಲಿಲ್ಲ. ಭಾನುವಾರ ಮಧ್ಯಾಹ್ನ ಮಗಳು ಊಟ ಮಾಡಿ ಮಲಗಿದಾಗ ಅವರ ಕೈ ಹಿಡಿದು ಕರೆತಂದು ಅವಳ ಪಕ್ಕದಲ್ಲಿ ಕೂಡಿಸಿದೆ. ಸುಮ್ಮನೆ ಕೇಳ್ರಿ ಎಂದೆ. ಮಗು ಗೊರಕೆ ಹೊಡೆಯಿತು. ಆಮೇಲೆ ನಿಂತಿತು. ಎದೆ ಏಳುತ್ತಿದೆ, ಬೀಳುತ್ತಿದೆ, ಬಾಯಿಂದ ಗಾಳಿ ಇಲ್ಲ. ಅವರು ನನ್ನ ಮುಖ ನೋಡಿದರು, ಮಗಳ ಮುಖ ನೋಡಿದರು, ತಟ್ಟನೆ ಅವಳ ಭುಜ ಹಿಡಿದು ಅಲುಗಾಡಿಸಿದರು. ಅವಳು ನೀರಿನಿಂದ ಎದ್ದವಳಂತೆ ಉಸಿರು ಎಳೆದುಕೊಂಡು ಮಗ್ಗುಲಾದಳು. ಅವರು ಗೋಡೆಯ ಕಡೆ ತಿರುಗಿ ಅತ್ತರು.

ನನ್ನ ಉಸಿರು ನಿಂತಾಗ ಆರಾಮ್, ಮಗಳದು ನಿಂತಾಗ ಕಣ್ಣೀರು. ಆ ವ್ಯತ್ಯಾಸವನ್ನು ನಾನು ಗಂಟು ಕಟ್ಟಿ ಇಟ್ಟುಕೊಂಡಿದ್ದೇನೆ. ಆದರೆ ಆ ಹೊತ್ತಿಗೆ ನನಗೆ ಬೇಕಾಗಿದ್ದದ್ದು ಅವರ ಪಶ್ಚಾತ್ತಾಪವಲ್ಲ, ಮಗಳ ಚಿಕಿತ್ಸೆ. ಅವಳ ಎಲುಬು ಇನ್ನೂ ಎಳೆಯದಾಗಿರುವಾಗಲೇ ಆಗಬೇಕು ಎಂದು ತಾಂಡೂರಿನ ಡಾಕ್ಟರು ಹೇಳಿದರು. ಮೊದಲು ಕಿವಿ ಮೂಗಿನ ಡಾಕ್ಟರಿಗೆ ತೋರಿಸಿ ಬನ್ನಿ ಎಂದು ಕಳಿಸಿದರು. ಮೂಗಿನ ಹಿಂದೆ ಬೆಳೆದಿದ್ದ ಗಡ್ಡೆಗೆ ಆಪರೇಷನ್ ಆಯಿತು. ಅದರ ಮೇಲೆ, ಇಕ್ಕಟ್ಟಾಗಿದ್ದ ಮೇಲಂಗುಳನ್ನು ಅಗಲ ಮಾಡಲು ಒಂದು ತಂತಿಯ ಸಾಧನ ಕೂಡಿಸಿದರು. ಅದರ ನಡುವಿನ ತಿರುಪನ್ನು ಸಣ್ಣ ಕೀಲಿಯಿಂದ ದಿನಾ ಸಂಜೆ ಒಂದು ಸುತ್ತಿನ ಸ್ವಲ್ಪ ಭಾಗದಷ್ಟು ತಿರುಗಿಸಬೇಕು.

ಅತ್ತೆ ಗೋಡೆಯ ಜೊತೆ ಮಾತಾಡುತ್ತ, "ಹೆಣ್ಣು ಹುಡುಗಿ ಬಾಯಾಗ ಕಬ್ಬಿಣ ಇಟ್ಟಾರ. ನಾಳಿಗಿ ಯಾರ್ ಮಾಡ್ಕೋತಾರ?" ಎಂದರು. ಕೀಲಿ ತಿರುಗಿಸುವ ಕೆಲಸ ಯಜಮಾನರು ತಾವೇ ತೆಗೆದುಕೊಂಡರು. ಮಗಳು ಅಂಗಾತ ಮಲಗಿ ಬಾಯಿ ಅಗಲಿಸಿ, "ಪಪ್ಪಾ, ಕೀಲಿ ತೂತಿಗಿ ಹೋಗವಲ್ದು ನಿಮ್ದು," ಎನ್ನುತ್ತಿದ್ದಳು. ಅವರಿಗೆ ಬೆವರು ಬರುತ್ತಿತ್ತು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ, ಸಹಾಯಕ್ಕೆ ಹೋಗಲಿಲ್ಲ.

ಮುಂದಿನ ಹಲ್ಲುಗಳ ನಡುವೆ ಸಂದು ಬಿತ್ತು, ಮಾತು ತೊದಲಿತು, ಶಾಲೆಯಲ್ಲಿ ಮಕ್ಕಳು ಆಡಿಕೊಂಡರು. ಇನ್ನೂ ಚಿಕಿತ್ಸೆ ಮುಗಿದಿಲ್ಲ. ನೆಗಡಿಯಾದರೆ ಇವತ್ತಿಗೂ ಅವಳ ಬಾಯಿ ತೆರೆದುಕೊಳ್ಳುತ್ತದೆ, ನಾನು ಅವಳ ಪಕ್ಕ ಕೂತು ಉಸಿರು ಕೇಳುತ್ತೇನೆ. ನಾನಂತೂ ಬದುಕಿರುವವರೆಗೆ ಅಚ್ಚು ಹಾಕಿಕೊಂಡೇ ಮಲಗಬೇಕು. ಇದೆಲ್ಲ ವಾಸಿಯಾಗಿ ಹೂವಾಯಿತು ಎಂದು ಯಾರಿಗೂ ಸುಳ್ಳು ಹೇಳಲಾರೆ.

ಹೋದ ಸೋಮವಾರ ನಾದಿನಿಯ ಅತ್ತೆಮನೆಯ ಬೀಗರು ಬಂದಿದ್ದರು. ಅತ್ತೆ ಹಟ ಬಿಡದೆ ಮತ್ತೆ ಮಗಳನ್ನು ಪೂಜೆಗೆ ಕೂಡಿಸಿದರು. ನಾನು ಬೇಕೆಂದೇ ತಡೆಯಲಿಲ್ಲ, ಬಾಗಿಲಲ್ಲಿ ನಿಂತೆ. ಶ್ರಾವಣಿ ಬಾಯಿ ಮುಚ್ಚಿಕೊಂಡು, ಲಿಂಗ ನೋಡಿದಳು. ಸ್ವಲ್ಪ ಹೊತ್ತಿಗೆ ಗೋಡೆಯ ಮೇಲಿನ ಹಲ್ಲಿಯನ್ನು ನೋಡಿದಳು. ಬೀಗರ ಸೀರೆಯ ಅಂಚು ನೋಡಿದಳು. ಕಾಲು ಬದಲಿಸಿದಳು. ಎಲ್ಲರೂ ಕಾಯುತ್ತಿದ್ದರು, ಅವಳಿಗೆ ನಿದ್ದೆ ಹತ್ತಲೇ ಇಲ್ಲ.

"ಅವ್ವಾ, ಇನ್ನಾ ಎಷ್ಟೊತ್ತು ಕೂಡ್ಬೇಕು? ನನಗ ಬ್ಯಾಸರ ಆಗ್ಲತ್ತದ," ಎಂದಳು ಗಟ್ಟಿಯಾಗಿ.

ಬೀಗರು ನಕ್ಕುಬಿಟ್ಟರು. ಅತ್ತೆಯ ಮುಖ ಕೆಂಪಾಯಿತು. ಎಷ್ಟೋ ತಿಂಗಳ ಮೇಲೆ ಅವರು ನನ್ನ ಕಡೆ ನೋಡಿ ಮಾತಾಡಿದರು. "ಹಾಳು ಮಾಡಿದಿ ನೋಡು ಕೂಸಿಗಿ," ಎಂದರು.

"ಹೌದ್ರಿ, ನಾನೇ ಮಾಡೀನಿ," ಎಂದೆ. ಮಗಳಿಗೆ, ಲಿಂಗ ಕಟ್ಟಿಕೊಂಡು ಬಾ, ಪೋಹಾ ಆರ್ಲತ್ತದ ಎಂದು ಹೇಳಿ ಒಳಗೆ ಹೋದೆ.